ಫಾಗ್ ಲೈಟು, ಡ್ರೈವಿಂಗ್ ಲೈಟು, ಲೈಟ್ ಬಾರು: ಯಾವುದು ಯಾತಕ್ಕೆ?

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿ ಯಾವುದಾದರೂ ಕಾರ್ ಆಕ್ಸೆಸರೀಸ್ ಅಂಗಡಿಗೆ ಹೋಗಿ "ಅಣ್ಣ, ಎಕ್ಸ್‌ಟ್ರಾ ಲೈಟ್ ಹಾಕಿಸಬೇಕು" ಅಂತ ಕೇಳಿ ನೋಡಿ. ಕೌಂಟರ್ ಮೇಲೆ ಸಾಲಾಗಿ ಡಬ್ಬಗಳು ಬಂದು ಕೂರುತ್ತವೆ. ದುಂಡಗಿನದು, ಚೌಕದ್ದು, ಹಳದಿಯದು, ಬಿಳಿಯದು, ಮೊಳದುದ್ದದ ಪಟ್ಟಿ. ಎಲ್ಲಕ್ಕೂ ಒಂದೇ ಹೆಸರು: ಫಾಗ್ ಲೈಟು. ಯಾವುದು ಒಳ್ಳೆಯದು ಅಂತ ಕೇಳಿದರೆ ಬರುವ ಉತ್ತರವೂ ಒಂದೇ. "ಇದು ತಗೊಳ್ಳಿ ಸಾರ್, ಜಾಸ್ತಿ ಪವರ್ರು, ರೋಡು ಹಗಲಾಗಿಬಿಡುತ್ತೆ."

ಪವರ್ ನೋಡಿ ಲೈಟ್ ಕೊಳ್ಳುವುದು ಸೈಜ್ ನೋಡದೆ ಬಣ್ಣ ಮಾತ್ರ ನೋಡಿ ಚಪ್ಪಲಿ ತಂದ ಹಾಗೆ. ಈ ಲೈಟುಗಳಲ್ಲಿ ನಿಜವಾದ ವ್ಯತ್ಯಾಸ ಇರುವುದು ಬೆಳಕಿನ ಆಕಾರದಲ್ಲಿ. ಎಷ್ಟು ಅಗಲಕ್ಕೆ ಹರಡುತ್ತದೆ, ಎಷ್ಟು ದೂರ ಹೋಗುತ್ತದೆ, ಎಷ್ಟು ಎತ್ತರಕ್ಕೆ ಬಂದು ನಿಲ್ಲುತ್ತದೆ. ಇಷ್ಟು ತಿಳಿದರೆ ಡಬ್ಬದ ಮೇಲೆ ಬರೆದಿರುವುದರಲ್ಲಿ ಮುಕ್ಕಾಲು ಭಾಗ ಓದುವ ಅಗತ್ಯವೇ ಬೀಳುವುದಿಲ್ಲ.

ಮೊದಲು ಕಾರಿನ ಜೊತೆಗೇ ಬಂದ ಹೆಡ್‌ಲೈಟ್ ನೋಡೋಣ. ಯಾಕಂದ್ರೆ ಉಳಿದ ಲೈಟುಗಳೆಲ್ಲ ಹುಟ್ಟಿರುವುದೇ ಅದು ಮುಟ್ಟದ ಜಾಗವನ್ನು ತುಂಬುವುದಕ್ಕೆ. ರಾತ್ರಿ ಒಂದು ಗೋಡೆಯ ಎದುರು ಕಾರು ನಿಲ್ಲಿಸಿ ಲೋ ಬೀಮ್, ಅಂದರೆ ಡಿಪ್ ಮಾಡಿದ ಬೆಳಕು, ಹಾಕಿ. ಗೋಡೆಯ ಮೇಲೆ ಗೆರೆ ಎಳೆದ ಹಾಗೆ ಬೆಳಕು ನಿಲ್ಲುತ್ತದೆ. ಗೆರೆಯ ಕೆಳಗೆ ಬೆಳಕು, ಮೇಲೆ ಕತ್ತಲು. ಎಡಗಡೆಗೆ ಮಾತ್ರ ಆ ಗೆರೆ ಸ್ವಲ್ಪ ಮೇಲೇರಿರುತ್ತದೆ. ಇದು ಬೇಕಂತಲೇ ಮಾಡಿದ್ದು. ನಮ್ಮಲ್ಲಿ ಎದುರಿನ ಗಾಡಿ ಬಲಗಡೆಯಿಂದ ಬರುತ್ತದೆ, ಆ ಡ್ರೈವರ್ ಕಣ್ಣಿಗೆ ಹೊಡೆಯಬಾರದು ಅಂತ ಬಲಕ್ಕೆ ತಗ್ಗು. ರಸ್ತೆ ಬದಿಯಲ್ಲಿ ನಡೆಯುವವರು, ಸೈಕಲ್ಲು, ಮೈಲಿಗಲ್ಲು ಕಾಣಲಿ ಅಂತ ಎಡಕ್ಕೆ ಎತ್ತರ. ಈ ಗೆರೆಗೆ ಕಟ್-ಆಫ್ ಅನ್ನುತ್ತಾರೆ. ಮುಂದೆ ಬರುವ ಮಾತೆಲ್ಲ ಈ ಗೆರೆಯ ಸುತ್ತಲೇ ಸುತ್ತುತ್ತದೆ.

ಲೋ ಬೀಮ್‌ಗೆ ಒಂದು ಮಿತಿ ಇದೆ. ಸಾಧಾರಣ ಹ್ಯಾಲೊಜನ್ ಲೈಟಿನಲ್ಲಿ, ಕಪ್ಪು ಕಂಬಳಿ ಹೊದ್ದು ರಸ್ತೆ ಬದಿಯಲ್ಲಿ ಹೋಗುತ್ತಿರುವವರು ಕಾಣುವುದು ಹೆಚ್ಚೆಂದರೆ 50–60 ಮೀಟರ್ ಒಳಗೆ. ಈಗ ಬ್ರೇಕಿನ ಲೆಕ್ಕ ನೋಡಿ. ಗಂಟೆಗೆ 80 ಕಿಲೋಮೀಟರ್ ಅಂದರೆ ಸೆಕೆಂಡಿಗೆ 22 ಮೀಟರ್. ಕಂಡಿದ್ದು ತಲೆಗೆ ಹೋಗಿ ಕಾಲು ಬ್ರೇಕಿನ ಮೇಲೆ ಬರುವಷ್ಟರಲ್ಲಿ ಒಂದೂವರೆ ಸೆಕೆಂಡ್ ಹಿಡಿದರೆ 33 ಮೀಟರ್ ಆಗಲೇ ಹೋಗಿರುತ್ತದೆ. ಒಣ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿದರೂ ನಿಲ್ಲುವುದಕ್ಕೆ ಇನ್ನೂ 35 ಮೀಟರ್ ಬೇಕು. ಒಟ್ಟು 70 ಮೀಟರ್ ಹತ್ತಿರ. ಕಾಣುವುದು 50–60, ನಿಲ್ಲುವುದು 70. ಅಂದರೆ ರಾತ್ರಿ 80ರಲ್ಲಿ ಲೋ ಬೀಮ್ ನಂಬಿಕೊಂಡು ಹೋಗುವವರು ಕಾಣದ ಜಾಗಕ್ಕೆ ನುಗ್ಗುತ್ತಿರುತ್ತಾರೆ. 60ಕ್ಕೆ ಇಳಿಸಿದರೆ ಇದೇ ಲೆಕ್ಕ ಸುಮಾರು 45 ಮೀಟರಿಗೆ ಬರುತ್ತದೆ. ಒಂದು ರೂಪಾಯಿ ಖರ್ಚಿಲ್ಲದೆ.

ಇನ್ನೊಂದು ಖರ್ಚಿಲ್ಲದ ಕೆಲಸ ಇದೆ. ಸ್ಟೀರಿಂಗ್ ಪಕ್ಕದಲ್ಲಿ 0, 1, 2, 3 ಅಂತ ಬರೆದ ಸಣ್ಣ ಚಕ್ರ ಬಹಳ ಕಾರುಗಳಲ್ಲಿ ಇರುತ್ತದೆ. ಕಾರು ತೆಗೆದುಕೊಂಡು ಎಷ್ಟೋ ವರ್ಷವಾಗಿದ್ದರೂ ಅದನ್ನು ಮುಟ್ಟದವರು ಇದ್ದಾರೆ. ಅದು ಹೆಡ್‌ಲೈಟನ್ನು ಕೆಳಗಿಳಿಸುವ ಚಕ್ರ. ಹಿಂದೆ ನಾಲ್ಕು ಕ್ರೇಟ್ ಟೊಮೆಟೊ ಹಾಕಿದರೆ, ಅಥವಾ ಮದುವೆಗೆ ಅಂತ ಹಿಂದಿನ ಸೀಟಿನಲ್ಲಿ ಮೂವರು ಕೂತು ಡಿಕ್ಕಿ ತುಂಬ ಲಗೇಜ್ ಇಟ್ಟರೆ, ಕಾರಿನ ಹಿಂಭಾಗ ಕೂತು ಮೂತಿ ಮೇಲೆದ್ದಿರುತ್ತದೆ. ಆಗ ಲೋ ಬೀಮ್ ಕೂಡ ಎದುರಿನವರ ಕಣ್ಣಿಗೆ ಹೈ ಬೀಮ್ ಆಗುತ್ತದೆ. ಚಕ್ರವನ್ನು 2ಕ್ಕೋ 3ಕ್ಕೋ ತಿರುಗಿಸಿದರೆ ಸರಿಹೋಗುತ್ತದೆ. "ಲೋನಲ್ಲೇ ಇದೀನಲ್ಲ, ಯಾಕೆ ಡಿಮ್ ಡಿಪ್ ಮಾಡ್ತಾನೆ ಇವನು" ಅಂತ ಬೈಯುವ ಮೊದಲು ಆ ಚಕ್ರ ನೋಡಿ.

ಈಗ ಅಳತೆಯ ವಿಷಯ. ಇದು ಸ್ವಲ್ಪ ತಲೆ ತಿನ್ನುತ್ತದೆ, ಆದರೆ ಅಂಗಡಿಯಲ್ಲಿ ಮೋಸ ಹೋಗುವುದು ಇಲ್ಲೇ. ವಾಟ್ ಅಂದರೆ ಲೈಟು ತಿನ್ನುವ ಕರೆಂಟು. ಲ್ಯೂಮೆನ್ ಅಂದರೆ ಬಲ್ಬಿನಿಂದ ಎಲ್ಲಾ ದಿಕ್ಕಿಗೂ ಹೊರಡುವ ಒಟ್ಟು ಬೆಳಕು. ಕ್ಯಾಂಡೆಲಾ ಅಂದರೆ ಒಂದು ದಿಕ್ಕಿಗೆ ಎಷ್ಟು ಬಿರುಸಾಗಿ ಹೋಗುತ್ತದೆ ಅನ್ನುವುದು. ಲಕ್ಸ್ ಅಂದರೆ ಆ ಬೆಳಕು ರಸ್ತೆಗೋ ಮರಕ್ಕೋ ಹೋಗಿ ಬಿದ್ದಾಗ ಅಲ್ಲಿ ಎಷ್ಟಿದೆ ಅನ್ನುವುದು. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಇರುವುದು ವಾಟು ಮತ್ತು ಲ್ಯೂಮೆನ್. ನಮಗೆ ಬೇಕಾದದ್ದು ಕ್ಯಾಂಡೆಲಾ ಮತ್ತು ಲಕ್ಸ್. ಒಂದೇ ಲ್ಯೂಮೆನ್ ಇರುವ ಎರಡು ಲೈಟುಗಳಲ್ಲಿ ಒಂದು ಬಾನೆಟ್ ಮುಂದೆಯೇ ಬೆಳಕು ಚೆಲ್ಲಿ ಸುಮ್ಮನಾಗಬಹುದು, ಇನ್ನೊಂದು ಇನ್ನೂರು ಮೀಟರ್ ಆಚೆಯ ಹುಣಸೆ ಮರ ತೋರಿಸಬಹುದು.

ದೂರದ ಲೆಕ್ಕವೂ ಕಠಿಣ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. 10,000 ಕ್ಯಾಂಡೆಲಾ ಇರುವ ಲೈಟು 100 ಮೀಟರ್ ದೂರದಲ್ಲಿ 1 ಲಕ್ಸ್ ಕೊಡುತ್ತದೆ. ಅದೇ 1 ಲಕ್ಸ್ 200 ಮೀಟರ್ ದೂರಕ್ಕೆ ಬೇಕಾದರೆ 40,000 ಕ್ಯಾಂಡೆಲಾ ಬೇಕು. "ಡಬಲ್ ಪವರ್" ಅಂತ ಮಾರುವ ಲೈಟಿನಲ್ಲಿ ಡಬಲ್ ದೂರ ಕಾಣುವುದಿಲ್ಲ, ಇದೇ ಕಾರಣ.

ಸರಿ, ಫಾಗ್ ಲೈಟಿಗೆ ಬರೋಣ. ನಮ್ಮ ಕಡೆ ಜಾಸ್ತಿ ಮಾರಾಟವಾಗುವುದೂ, ಜಾಸ್ತಿ ತಪ್ಪಾಗಿ ಬಳಕೆಯಾಗುವುದೂ ಇದೇ.

ಚಿಕ್ಕಬಳ್ಳಾಪುರದವರಿಗೆ ಮಂಜು ಎರಡು ರೀತಿಯಲ್ಲಿ ಸಿಗುತ್ತದೆ. ಒಂದು ನಂದಿ ಬೆಟ್ಟದ್ದು. ತುದಿ 1,478 ಮೀಟರ್ ಎತ್ತರ ಇರುವುದರಿಂದ ಎಷ್ಟೋ ಸಲ ಮೋಡವೇ ರಸ್ತೆಗೆ ಇಳಿದಿರುತ್ತದೆ. ಇನ್ನೊಂದು ಚಳಿಗಾಲದ ಬೆಳಗಿನ ಜಾವ ಕೆರೆ, ತೋಟ, ತಗ್ಗು ಪ್ರದೇಶಗಳ ಮೇಲೆ ಕಟ್ಟುವ ಮಂಜು. ರಾತ್ರಿ ಆಕಾಶ ತಿಳಿಯಾಗಿದ್ದರೆ ನೆಲ ಬೇಗ ತಣ್ಣಗಾಗುತ್ತದೆ, ಅದರ ಮೇಲಿನ ತೇವದ ಗಾಳಿ ಸಣ್ಣ ಸಣ್ಣ ಹನಿಗಳಾಗಿ ನಿಲ್ಲುತ್ತದೆ. ದಿಬ್ಬದ ಮೇಲೆ ಎಲ್ಲಾ ನಿಚ್ಚಳ, ಕೆರೆ ಏರಿಗೆ ಇಳಿಯುತ್ತಿದ್ದ ಹಾಗೆ ಬಾನೆಟ್ ಕೂಡ ಕಾಣದು. ಅದೇ ಹೊತ್ತಿಗೆ ಡೈರಿಗೆ ಹಾಲಿನ ಕ್ಯಾನು ಕಟ್ಟಿಕೊಂಡ ಮೊಪೆಡ್ಡುಗಳು, ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ತುಂಬಿಕೊಂಡ ಆಟೋಗಳು, ಹೂವಿನ ಮೂಟೆ ಹೊತ್ತ ಟೆಂಪೋಗಳು ರಸ್ತೆಗೆ ಇಳಿದಿರುತ್ತವೆ.

ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಎದ್ದು ನಿಲ್ಲುತ್ತದೆ, ನೋಡಿದ್ದೀರಲ್ವಾ? ಮಂಜಿನ ಒಂದೊಂದು ಹನಿಯೂ ಬೆಳಕನ್ನು ಚದುರಿಸುತ್ತದೆ, ಅದರಲ್ಲಿ ಒಂದು ಭಾಗ ತಿರುಗಿ ನಮ್ಮ ಕಣ್ಣಿಗೇ ಬರುತ್ತದೆ. ಬೆಳಕು ನಮ್ಮ ಕಣ್ಣಿನ ನೇರಕ್ಕೆ ಮೇಲೆ ಮೇಲೆ ಹೋದಷ್ಟೂ ವಾಪಸ್ ಬರುವುದು ಹೆಚ್ಚು. ಫಾಗ್ ಲೈಟು ಇದನ್ನು ಮೂರು ಉಪಾಯದಿಂದ ತಪ್ಪಿಸುತ್ತದೆ. ಮೊದಲನೆಯದು, ಬಂಪರಿನ ಕೆಳಭಾಗದಲ್ಲಿ ಕೂರುತ್ತದೆ. ಕಣ್ಣಿಗೂ ಲೈಟಿಗೂ ಎತ್ತರದಲ್ಲಿ ಎಷ್ಟು ಅಂತರ ಇದ್ದರೆ ಅಷ್ಟು ಒಳ್ಳೆಯದು. ಯುರೋಪಿನ ನಿಯಮ ಕಾರಿಗೆ ನೆಲದಿಂದ 25 ಸೆಂಟಿಮೀಟರಿಗಿಂತ ಕೆಳಗೂ ಬೇಡ, 80 ಸೆಂಟಿಮೀಟರಿಗಿಂತ ಮೇಲೂ ಬೇಡ ಅನ್ನುತ್ತದೆ. ಎರಡನೆಯದು, ಬೆಳಕಿನ ಮೇಲಂಚು ಚಾಕುವಿನಿಂದ ಕತ್ತರಿಸಿದ ಹಾಗೆ ಚಪ್ಪಟೆ, ಅದರ ಮೇಲೆ ಬೆಳಕು ಹೋಗುವುದೇ ಇಲ್ಲ. ಮೂರನೆಯದು, ಅಗಲ. ಎಡ ಬಲ ಎರಡೂ ಕಡೆ ಚೆನ್ನಾಗಿ ಹರಡಿಕೊಂಡು ರಸ್ತೆಯ ಅಂಚು, ಬಿಳಿ ಪಟ್ಟಿ, ಪಕ್ಕದ ಚರಂಡಿ ತೋರಿಸುತ್ತದೆ. ದೂರ ತೋರಿಸುವುದು ಅದರ ಕೆಲಸವೇ ಅಲ್ಲ. ಹದಿನೈದು ಇಪ್ಪತ್ತು ಮೀಟರ್ ಅಂಚು ಕಂಡರೆ ನಿಧಾನವಾಗಿ ಹೋಗಬಹುದು, ಅಷ್ಟಕ್ಕೇ ಅದನ್ನು ಮಾಡಿರುವುದು.

ಹಾಗಾಗಿ ಫಾಗ್ ಲೈಟ್ ಅಂತ ಕೊಡುವ ಡಬ್ಬದಲ್ಲಿ ಈ ಚಪ್ಪಟೆ ಅಂಚು ಇದೆಯಾ ಅಂತ ನೋಡಿ. ಅಂಗಡಿಯಲ್ಲೇ ಬ್ಯಾಟರಿಗೆ ಕೊಟ್ಟು ಗೋಡೆಗೆ ಹಿಡಿಯಲು ಹೇಳಿ. ಗೋಡೆಯ ಮೇಲೆ ದುಂಡಗೆ ಬೆಳಕು ಬಿದ್ದರೆ ಅದು ಫಾಗ್ ಲೈಟ್ ಅಲ್ಲ, ಡಬ್ಬದ ಮೇಲೆ ಏನೇ ಬರೆದಿರಲಿ. ಅಡ್ಡಕ್ಕೆ ಅಗಲವಾಗಿ, ಮೇಲೆ ಗೆರೆ ಎಳೆದ ಹಾಗೆ ಬಿದ್ದರೆ ಹೌದು. ಇಷ್ಟು ತೋರಿಸಲು ಒಪ್ಪದ ಅಂಗಡಿಯಲ್ಲಿ ನಾನಂತೂ ಕೊಳ್ಳುವುದಿಲ್ಲ.

ಹಳದಿ ಲೈಟಿನ ವಾದ ಮುಗಿಯುವಂಥದ್ದಲ್ಲ. "ಹಳದಿ ಮಂಜನ್ನು ಸೀಳಿಕೊಂಡು ಹೋಗುತ್ತೆ" ಅನ್ನುವ ಮಾತನ್ನು ಡ್ರೈವರುಗಳು, ಮೆಕ್ಯಾನಿಕ್ಕುಗಳು ಎಲ್ಲರೂ ಹೇಳುತ್ತಾರೆ. ಆಕಾಶ ನೀಲಿಯಾಗಿ ಕಾಣುವ ಕಾರಣವನ್ನೇ ಇದಕ್ಕೂ ಎಳೆದು ತರುತ್ತಾರೆ: ನೀಲಿ ಜಾಸ್ತಿ ಚದುರುತ್ತದೆ, ಹಳದಿ ಕಡಿಮೆ ಚದುರುತ್ತದೆ. ಆದರೆ ಅದು ನಡೆಯುವುದು ಗಾಳಿಯ ಅಣುಗಳಷ್ಟು ಸಣ್ಣ ವಸ್ತುಗಳ ಜೊತೆ. ಮಂಜಿನ ಹನಿ ಬೆಳಕಿನ ಅಲೆಗಿಂತ ಹತ್ತಾರು ಪಟ್ಟು ದೊಡ್ಡದು. ಅದಕ್ಕೆ ಹಳದಿ, ಬಿಳಿ ಎಲ್ಲಾ ಒಂದೇ, ಎಲ್ಲವನ್ನೂ ಹೆಚ್ಚುಕಡಿಮೆ ಸಮನಾಗಿ ಚದುರಿಸುತ್ತದೆ. ಆಕಾಶ ನೀಲಿ, ಮಂಜು ಬಿಳಿ. ಹೀಗಿದ್ದೂ ಹಳದಿಯಲ್ಲಿ ಹುರುಳೇ ಇಲ್ಲ ಅಂತಲ್ಲ. ನೀಲಿ ಬೆಳಕು ಕಣ್ಣಿಗೆ ಚುಚ್ಚುತ್ತದೆ, ಅದನ್ನು ತೆಗೆದರೆ ವಾಪಸ್ ಬರುವ ಬೆಳಕು ಕಣ್ಣಿಗೆ ಹಿತವಾಗಿರುತ್ತದೆ ಅನ್ನುವುದು ಬಹಳ ಜನರ ಅನುಭವ. ಫ್ರಾನ್ಸ್ ದೇಶದಲ್ಲಿ 1993ರವರೆಗೆ ಹೆಡ್‌ಲೈಟುಗಳೇ ಹಳದಿ ಇರಬೇಕಿತ್ತು. ಹಳದಿ ಬೇಕೆನಿಸಿದರೆ ಹಾಕಿಸಿಕೊಳ್ಳಿ, ನನಗೂ ಹಳದಿಯೇ ಇಷ್ಟ. ಬಿಳಿ ಲೈಟಿನ ಮೇಲೆ ಹಳದಿ ಪ್ಲಾಸ್ಟಿಕ್ ಹಾಳೆ ಅಂಟಿಸುವುದು ಮಾತ್ರ ಬೇಡ, ಇದ್ದ ಬೆಳಕಲ್ಲೂ ಒಂದಿಷ್ಟು ಹೋಗುತ್ತದೆ.

ಮಂಜು ಇಲ್ಲದ ರಾತ್ರಿಯಲ್ಲಿ ಫಾಗ್ ಲೈಟ್ ಹಾಕಿಕೊಂಡು ಓಡಾಡುವುದು ಈಗ ಫ್ಯಾಷನ್ ಆಗಿದೆ. ಎದುರಿಗೆ ಹತ್ತು ಮೀಟರ್ ಬೆಳಕು ಸುರಿದಿರುತ್ತದೆ, ಡ್ರೈವರಿಗೆ "ಆಹಾ, ಎಷ್ಟು ಚೆನ್ನಾಗಿ ಕಾಣುತ್ತೆ" ಅನಿಸುತ್ತದೆ. ಆದರೆ ಹತ್ತಿರದ ಆ ಬೆಳಕಿಗೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ದೂರದ ಮಂಕು ವಸ್ತು ಮೊದಲಿಗಿಂತ ಕಡಿಮೆ ಕಾಣುತ್ತದೆ. 80ರಲ್ಲಿ ಹೋಗುವವರಿಗೆ ಹತ್ತು ಮೀಟರ್ ಎದುರಿನ ಹಳ್ಳ ಕಂಡು ಏನು ಪ್ರಯೋಜನ? ಕಂಡಾಗ ಅದರಲ್ಲಿ ಬಿದ್ದಾಗಿರುತ್ತದೆ. ಮಳೆಯಲ್ಲಿ ಇನ್ನೂ ಕೆಟ್ಟದ್ದು. ನೆಂದ ಟಾರು ಕನ್ನಡಿಯ ಹಾಗೆ ಆ ಬೆಳಕನ್ನು ಎದುರಿನವರ ಕಣ್ಣಿಗೆ ಎತ್ತಿ ಹೊಡೆಯುತ್ತದೆ.

ಹಿಂದಿನ ಫಾಗ್ ಲೈಟ್ ಕೆಲವು ಕಾರುಗಳಲ್ಲಿ ಇರುತ್ತದೆ, ಕೆಂಪು, ಒಂದೋ ಎರಡೋ. ಅದು ಟೈಲ್ ಲೈಟಿಗಿಂತ ಎಷ್ಟೋ ಪಟ್ಟು ಪ್ರಖರ, ಬ್ರೇಕ್ ಲೈಟಿನಷ್ಟೇ ಅಥವಾ ಅದಕ್ಕಿಂತಲೂ ಜಾಸ್ತಿ. ದಟ್ಟ ಮಂಜಿನಲ್ಲಿ ಹಿಂದಿನಿಂದ ಬರುವ ಲಾರಿಗೆ ನೀವು ಕಾಣಲಿ ಅಂತ ಇರುವುದು. ಮಂಜು ಹೋದ ಮೇಲೆ ಮರೆತು ಹಾಗೇ ಬಿಟ್ಟರೆ ಹಿಂದಿನವರಿಗೆ ನೀವು ಬ್ರೇಕ್ ಹಾಕಿದ್ದೇ ಗೊತ್ತಾಗುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಕಿತ್ತಳೆ ಬಣ್ಣದ ಚಿಹ್ನೆ ಉರಿಯುತ್ತಿದ್ದರೆ ಅದೇ. ಮುಂದಿನದಕ್ಕೆ ಹಸಿರು ಚಿಹ್ನೆ.

ಫಾಗ್ ಲೈಟಿಗೆ ಸರಿಯಾಗಿ ಉಲ್ಟಾ ಅಂದರೆ ಡ್ರೈವಿಂಗ್ ಲೈಟು. ಇದಕ್ಕೆ ಕಟ್-ಆಫ್ ಇಲ್ಲ. ಬೆಳಕನ್ನು ಕಿರಿದಾಗಿ ಒಟ್ಟುಮಾಡಿ ದೂರ ಎಸೆಯುವುದು ಇದರ ಕೆಲಸ. ಇದರಲ್ಲೇ ಇನ್ನೂ ಕಿರಿದಾಗಿ, ಪೆನ್ಸಿಲ್ ಥರ ನೇರ ಹೋಗುವುದಕ್ಕೆ ಸ್ಪಾಟ್ ಲೈಟ್ ಅನ್ನುತ್ತಾರೆ. ಹೈ ಬೀಮ್ ಜೊತೆಗೆ ಮಾತ್ರ ಉರಿಯಬೇಕು, ಡಿಪ್ ಮಾಡಿದ ಕೂಡಲೇ ತಾನಾಗಿ ಆರಬೇಕು. ಬೇರೆ ಸ್ವಿಚ್ ಇಟ್ಟುಕೊಂಡು "ಬೇಕಾದಾಗ ಆಫ್ ಮಾಡ್ತೀನಿ" ಅನ್ನುವವರು, ತಿರುವಿನಲ್ಲಿ ಏಕಾಏಕಿ ಬೈಕ್ ಎದುರಾದಾಗ ಗೇರ್ ಬಿಟ್ಟು ಆ ಸ್ವಿಚ್ ಹುಡುಕುವುದಿಲ್ಲ. ಯಾರೂ ಹುಡುಕುವುದಿಲ್ಲ.

ಇದು ನಮ್ಮ ಕಡೆ ಎಲ್ಲಿ ಉಪಯೋಗಕ್ಕೆ ಬರುತ್ತದೆ? ಹೈದರಾಬಾದ್ ಹೈವೇ, ಅಂದರೆ ರಾಷ್ಟ್ರೀಯ ಹೆದ್ದಾರಿ 44ರಲ್ಲಿ, ಹೆಚ್ಚುಕಡಿಮೆ ಇಲ್ಲವೇ ಇಲ್ಲ. ರಾತ್ರಿ ಎರಡಕ್ಕೂ ಲಾರಿಗಳ ಸಾಲು ಇರುತ್ತದೆ. ಎದುರಿಗೆ ಗಾಡಿ ಇಲ್ಲದಿದ್ದರೂ ಮುಂದೆ ಹೋಗುತ್ತಿರುವವರ ಕನ್ನಡಿಗೆ ನಿಮ್ಮ ಹೈ ಬೀಮ್ ಹೊಡೆಯುತ್ತದೆ. ಗುಡಿಬಂಡೆ, ಚೇಳೂರು ಕಡೆಯ ಒಳರಸ್ತೆಗಳಲ್ಲಿ ಮೈಲಿಗಟ್ಟಲೆ ಒಂದು ಗಾಡಿಯೂ ಸಿಗದಿರುವಾಗ ಪ್ರಯೋಜನ ಇರಬಹುದು. ಆದರೆ ಕಾನೂನು ಅಡ್ಡ ಬರುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 111ನೇ ನಿಯಮದ ಪ್ರಕಾರ ಗಾಡಿಯ ಮುಂದೆ ಸ್ಪಾಟ್ ಲೈಟ್, ಸರ್ಚ್ ಲೈಟ್ ಇಡುವ ಹಾಗಿಲ್ಲ; ವಿಶೇಷ ಸಂದರ್ಭದಲ್ಲಿ ಬೇಕೇ ಬೇಕೆಂದರೆ ಆರ್‌ಟಿಒ ಒಪ್ಪಿಗೆಯನ್ನು ಮೊದಲೇ ಪಡೆಯಬೇಕು. 106ನೇ ನಿಯಮ ಇನ್ನೂ ಕರಾರುವಾಕ್ಕು. ಲೈಟಿನಿಂದ 8 ಮೀಟರ್ ಮುಂದೆ, ಗಾಡಿಯ ಬಲ ಅಂಚಿನಿಂದ ಅರ್ಧ ಮೀಟರ್ ಪಕ್ಕಕ್ಕೆ, ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರುವವರಿಗೆ ಬೆಳಕು ಕುಕ್ಕಬಾರದು. ಆ ಜಾಗ ಯಾರದು ಅಂತ ಯೋಚಿಸಿ. ಎದುರಿನಿಂದ ಬರುವ ಬೈಕಿನವರದ್ದು.

ಲೈಟ್ ಬಾರು, ಅದೇ ಉದ್ದನೆಯ ಎಲ್‌ಇಡಿ ಪಟ್ಟಿ, ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕ್ವಾರಿ, ತೋಟ, ರಸ್ತೆಯೇ ಇಲ್ಲದ ಜಾಗದಲ್ಲಿ ಕೆಲಸ ಮಾಡುವವರಿಗೆ ಅದು ಒಳ್ಳೆಯ ಸಾಧನ. ರಸ್ತೆಗೆ ಅಲ್ಲ. ಹತ್ತಾರು ಸಣ್ಣ ಎಲ್‌ಇಡಿಗಳು ಎಲ್ಲಾ ಕಡೆಗೂ ಬೆಳಕು ಎರಚುತ್ತವೆ, ಯಾವ ಗೆರೆಯೂ ಇಲ್ಲ, ಯಾವ ಮಿತಿಯೂ ಇಲ್ಲ. ಟಾಪ್ ಮೇಲೆ ಕೂರಿಸಿದರೆ ಬಾನೆಟ್ ಮೇಲೆ ಬೆಳಕು ಬಿದ್ದು ಪ್ರತಿಫಲಿಸಿ ಓಡಿಸುವವರ ಕಣ್ಣಿಗೇ ತೊಂದರೆ. ಧೂಳು ಎದ್ದರೆ ಮಂಜಿನ ಕಥೆಯೇ ಮತ್ತೆ. ಇದನ್ನು ಕೂರಿಸಲು ಮುಂದೆ ಕಬ್ಬಿಣದ ಗಾರ್ಡ್ ಹಾಕಿಸುವವರೂ ಇದ್ದಾರೆ. ಆ ಗಾರ್ಡುಗಳು ಕಾನೂನಿಗೆ ವಿರುದ್ಧ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ಹೇಳಿದೆ.

ಇಷ್ಟೆಲ್ಲ ಗಲಾಟೆಯ ನಡುವೆ ಯಾರೂ ಕೇಳಿ ಹಾಕಿಸಿಕೊಳ್ಳದ, ಆದರೆ ನನ್ನ ಪ್ರಕಾರ ನಮ್ಮ ಊರುಗಳಿಗೆ ಎಲ್ಲಕ್ಕಿಂತ ಉಪಯೋಗದ ಲೈಟು ಒಂದಿದೆ: ಕಾರ್ನರಿಂಗ್ ಲೈಟು. ಹಳ್ಳಿ ಗಲ್ಲಿಯಲ್ಲಿ ಬಲಕ್ಕೆ ತಿರುಗಬೇಕು ಅಂದುಕೊಳ್ಳಿ. ಹೆಡ್‌ಲೈಟ್ ನೇರ ಎದುರು ಮನೆಯ ಗೋಡೆಗೆ ಬಿದ್ದಿದೆ. ನೀವು ಹೋಗಬೇಕಾದ ಜಾಗ ಪೂರ್ತಿ ಕತ್ತಲು. ಅಲ್ಲಿ ಮುಚ್ಚಳ ಇಲ್ಲದ ಚರಂಡಿ ಇರಬಹುದು, ಮಲಗಿದ ಹಸು ಇರಬಹುದು, ಜಗಲಿ ಮುಂದೆ ಹಾಕಿದ ಚಪ್ಪಡಿ ಕಲ್ಲು ಇರಬಹುದು. ಸ್ಟೀರಿಂಗ್ ತಿರುಗಿಸಿದಾಗ ಅಥವಾ ಇಂಡಿಕೇಟರ್ ಹಾಕಿದಾಗ ಆ ಪಕ್ಕದ ಲೈಟು ಮಾತ್ರ ತಾನಾಗಿ ಹೊತ್ತಿಕೊಂಡು ಬದಿಗೆ ಬೆಳಕು ಕೊಡುತ್ತದೆ, ಸ್ಟೀರಿಂಗ್ ನೇರವಾದರೆ ಆರುತ್ತದೆ. ಸ್ಪೀಡ್ ಕಡಿಮೆ ಇರುವಾಗ ಮಾತ್ರ ಕೆಲಸ ಮಾಡುತ್ತದೆ. ಯುರೋಪಿನ ನಿಯಮದಲ್ಲಿ ಗಂಟೆಗೆ 40 ಕಿಲೋಮೀಟರ್ ದಾಟಿದರೆ ಉರಿಯುವ ಹಾಗಿಲ್ಲ. ಬಹಳ ಕಾರುಗಳಲ್ಲಿ ಇದಕ್ಕೆ ಬೇರೆ ಲೈಟ್ ಇರುವುದಿಲ್ಲ, ಎಡ ಅಥವಾ ಬಲದ ಫಾಗ್ ಲೈಟನ್ನೇ ಈ ಕೆಲಸಕ್ಕೆ ಹಚ್ಚಿರುತ್ತಾರೆ. ಆಮೇಲೆ ಹೊರಗಿನಿಂದ ಹಾಕಿಸುವುದು ರಗಳೆ. ಹೊಸ ಕಾರು ತೆಗೆದುಕೊಳ್ಳುವವರು ಯಾವ ವೇರಿಯಂಟಿನಲ್ಲಿ ಇದೆ ಅಂತ ಸನ್‌ರೂಫ್ ಕೇಳುವ ಮೊದಲು ಕೇಳಿ.

ಡಿಆರ್‌ಎಲ್ ಅನ್ನುವುದು ಹಗಲಲ್ಲಿ ಉರಿಯುವ ಲೈಟು. ಇದು ದಾರಿ ತೋರಿಸಲು ಅಲ್ಲ, ನೀವು ಬೇರೆಯವರಿಗೆ ಕಾಣಲು. ಯುರೋಪಿನಲ್ಲಿ 2011ರ ಫೆಬ್ರವರಿಯಿಂದ ಹೊಸ ಮಾದರಿಯ ಕಾರುಗಳಿಗೆ ಕಡ್ಡಾಯವಾಯಿತು. ನಮ್ಮಲ್ಲಿ 2017ರ ಏಪ್ರಿಲ್ 1ರಿಂದ ಬೈಕು ಸ್ಕೂಟರುಗಳ ಹೆಡ್‌ಲೈಟ್ ಆಫ್ ಮಾಡಲು ಸ್ವಿಚ್ಚೇ ಇಲ್ಲದಂತಾಗಿದ್ದು ಇದೇ ಉದ್ದೇಶಕ್ಕೆ. ಡಿಆರ್‌ಎಲ್‌ನಿಂದ ಒಂದು ಅಪಾಯ ಇದೆ. ಸಂಜೆ ಏಳಕ್ಕೆ ಊರೊಳಗೆ ಬೀದಿದೀಪ ಇರುತ್ತದೆ, ಮುಂದೆ ಡಿಆರ್‌ಎಲ್ ಉರಿಯುತ್ತಿರುತ್ತದೆ, ಮೀಟರ್ ಕೂಡ ಫಳಫಳ ಹೊಳೆಯುತ್ತಿರುತ್ತದೆ, ಲೈಟ್ ಹಾಕಿದ್ದೀನಿ ಅಂತಲೇ ಡ್ರೈವರ್ ಅಂದುಕೊಂಡಿರುತ್ತಾರೆ. ಬಹಳ ಕಾರುಗಳಲ್ಲಿ ಡಿಆರ್‌ಎಲ್ ಜೊತೆ ಟೈಲ್ ಲೈಟ್ ಹೊತ್ತಿಕೊಳ್ಳುವುದಿಲ್ಲ. ಹಿಂದಿನಿಂದ ನೋಡಿದರೆ ಕಪ್ಪು ಕಾರು, ಕಪ್ಪು ರಸ್ತೆ. ಲೈಟೇ ಇಲ್ಲದ ಟ್ರ್ಯಾಕ್ಟರ್ ಟ್ರೈಲರನ್ನು ಬೈಯುವ ನಾವೇ ಆ ಸಾಲಿಗೆ ಸೇರುವುದು ಹೀಗೆ.

ಇನ್ನು ಎಲ್‌ಇಡಿ ಬಲ್ಬ್ ಬದಲಾಯಿಸುವ ವಿಷಯ. ಇದು ಹೆಚ್ಚುವರಿ ಲೈಟ್ ಅಲ್ಲ, ಆದರೂ ಅದೇ ಅಂಗಡಿಯಲ್ಲಿ ಅದೇ ಬಾಯಲ್ಲಿ ಮಾರುತ್ತಾರೆ. ಹ್ಯಾಲೊಜನ್ ಹೆಡ್‌ಲೈಟಿನ ಒಳಗಿನ ರಿಫ್ಲೆಕ್ಟರ್, ಬಲ್ಬಿನ ತಂತಿ ಇಂಥಾ ಕಡೆಯೇ ಇರುತ್ತದೆ ಅಂತ ಲೆಕ್ಕ ಹಾಕಿ ಮಾಡಿದ್ದು. ಹೆಚ್4 ಬಲ್ಬ್, ಅಂದರೆ ಲೋ, ಹೈ ಎರಡೂ ಒಂದರಲ್ಲೇ ಇರುವ ಹ್ಯಾಲೊಜನ್ ಬಲ್ಬ್, ಕೈಯಲ್ಲಿ ಹಿಡಿದು ನೋಡಿ. ಗಾಜಿನ ಒಳಗೆ ಎರಡು ಸಣ್ಣ ತಂತಿ ಸುರುಳಿ, ಒಂದು 55 ವಾಟಿನದು, ಒಂದು 60 ವಾಟಿನದು, 55ರ ಕೆಳಗೆ ಒಂದು ಪುಟ್ಟ ಲೋಹದ ದೊನ್ನೆ. ಲೋ ಬೀಮಿನ ಗೆರೆ ಹುಟ್ಟುವುದೇ ಆ ದೊನ್ನೆಯಿಂದ. ಅಲ್ಲಿಗೆ ಎಲ್‌ಇಡಿ ಹಾಕಿದರೆ ಬೆಳಕು ಹೊರಡುವ ಜಾಗವೂ ದಿಕ್ಕೂ ಬೇರೆಯಾಗುತ್ತದೆ. ಒಂದು ಮಿಲಿಮೀಟರ್ ಆಚೀಚೆ ಆದರೂ ಗೆರೆ ಕದಡಿ ಬೆಳಕು ಮೇಲಕ್ಕೆ ಚೆಲ್ಲುತ್ತದೆ. ಓಡಿಸುವವರಿಗೆ ಬೋರ್ಡು, ಮರ ಎಲ್ಲಾ ಬೆಳ್ಳಗೆ ಕಂಡು ಖುಷಿ, ಎದುರಿನವರಿಗೆ ಕಣ್ಣು ಕತ್ತಲೆ. ಮೇಲಾಗಿ ಆ 6000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ನೀಲಿ ಬಿಳುಪು ಮಳೆಯ ರಸ್ತೆಯಲ್ಲಿ ಕಣ್ಣಿಗೆ ಏನೂ ಕೊಡುವುದಿಲ್ಲ. ಹ್ಯಾಲೊಜನ್ನಿನ 3200 ಹತ್ತಿರದ ಬೆಚ್ಚನೆಯ ಬೆಳಕೇ ವಾಸಿ. ಕಂಪನಿಯಿಂದಲೇ ಎಲ್‌ಇಡಿ ಹೆಡ್‌ಲೈಟ್ ಬಂದಿದ್ದರೆ ಈ ತಕರಾರು ಇಲ್ಲ, ಅದರ ರಿಫ್ಲೆಕ್ಟರನ್ನು ಅದಕ್ಕೆಂದೇ ಮಾಡಿರುತ್ತಾರೆ. 2024ರ ಜುಲೈನಿಂದ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿಗಳ ಮೇಲೆ ರಾಜ್ಯದಾದ್ಯಂತ ಕೇಸು ಹಾಕಲು ಶುರು ಮಾಡಿದ್ದಾರೆ. ಮೋಟಾರು ವಾಹನ ಕಾಯ್ದೆಯ 177ನೇ ಸೆಕ್ಷನ್ನಿನಲ್ಲಿ ಮೊದಲ ಸಲ 500 ರೂಪಾಯಿವರೆಗೆ ದಂಡ, ಮತ್ತೆ ಸಿಕ್ಕರೆ 1,500ರವರೆಗೆ.

ಇಷ್ಟೆಲ್ಲ ಓದಿದ ಮೇಲೂ ಫಾಗ್ ಲೈಟ್ ಬೇಕು ಅನ್ನುವವರು ವೈರಿಂಗ್ ಸರಿಯಾಗಿ ಮಾಡಿಸಿ. ಲೆಕ್ಕ ಸರಳ. 55 ವಾಟಿನ ಎರಡು ಲೈಟು ಅಂದರೆ 110 ವಾಟ್, 12 ವೋಲ್ಟಿಗೆ ಭಾಗಿಸಿದರೆ 9 ಆಂಪಿಯರಿಗೆ ಸ್ವಲ್ಪ ಜಾಸ್ತಿ. ಇಷ್ಟು ಕರೆಂಟನ್ನು ಡ್ಯಾಶ್‌ಬೋರ್ಡಿನ ಸಣ್ಣ ಸ್ವಿಚ್ಚಿನ ಮೂಲಕ ಹಾಯಿಸಿದರೆ ಸ್ವಿಚ್ ಬಿಸಿಯಾಗಿ ಕರಗುತ್ತದೆ. ಅದಕ್ಕೇ ರಿಲೇ. ಚೌಕದ ಕಪ್ಪು ಡಬ್ಬಿ, ತಳದಲ್ಲಿ 30, 85, 86, 87 ಅಂತ ನಂಬರ್. ಬ್ಯಾಟರಿಯಿಂದ ಬರುವ ದಪ್ಪ ವೈರು 30ಕ್ಕೆ, ಲೈಟಿಗೆ ಹೋಗುವುದು 87ರಿಂದ, 85 ಮತ್ತು 86ರಲ್ಲಿ ಒಂದು ಅರ್ತಿಂಗಿಗೆ, ಇನ್ನೊಂದು ಸ್ವಿಚ್ಚಿಗೆ. ಸ್ವಿಚ್ ಸಣ್ಣ ಕರೆಂಟನ್ನು ಕೊಟ್ಟು ರಿಲೇಯನ್ನು ಎಬ್ಬಿಸುತ್ತದೆ, ದೊಡ್ಡ ಕರೆಂಟನ್ನು ರಿಲೇ ಹೊರುತ್ತದೆ. ಬ್ಯಾಟರಿಯ ಹತ್ತಿರವೇ 15 ಆಂಪಿಯರ್ ಫ್ಯೂಸ್ ಇರಬೇಕು, ಲೈಟಿನ ಹತ್ತಿರ ಅಲ್ಲ. ಮಧ್ಯೆ ವೈರ್ ಸುಲಿದು ಬಾಡಿಗೆ ತಾಗಿದರೆ ಬೆಂಕಿ ತಪ್ಪಿಸುವುದು ಅದೇ. ಲೈಟಿನ ವೈರ್ 2.5 ಸ್ಕ್ವೇರ್ ಎಂಎಂ ಹಾಕಿಸಿ. ತೆಳು ವೈರಿನಲ್ಲಿ ವೋಲ್ಟೇಜ್ ಇಳಿಯುತ್ತದೆ, ಹ್ಯಾಲೊಜನ್ನಿನಲ್ಲಿ ವೋಲ್ಟೇಜ್ ಶೇಕಡಾ 10 ಇಳಿದರೆ ಬೆಳಕು ಶೇಕಡಾ 30ರಷ್ಟು ಇಳಿಯುತ್ತದೆ. "ಲೈಟ್ ಹಾಕಿಸಿದೆ, ಮಂಕು" ಅನ್ನುವವರದ್ದು ಎಷ್ಟೋ ಸಲ ಲೈಟಿನ ತಪ್ಪಲ್ಲ, ವೈರಿನದು, ಇಲ್ಲಾ ತುಕ್ಕು ಹಿಡಿದ ಬೋಲ್ಟಿಗೆ ಕೊಟ್ಟ ಅರ್ತಿಂಗಿನದು.

ಕಂಪನಿಯ ವೈರನ್ನು ಕತ್ತರಿಸಿ, ಸುಲಿದು, ಟೇಪ್ ಸುತ್ತಲು ಬಿಡಬೇಡಿ. ವಾರಂಟಿ ಹೋಗುತ್ತದೆ, ಆಮೇಲೆ ಎಲ್ಲಿ ಶಾರ್ಟ್ ಆಯಿತು ಅಂತ ಹುಡುಕಲು ಆಟೋ ಎಲೆಕ್ಟ್ರಿಷಿಯನ್ ಅರ್ಧ ದಿನ ತಿನ್ನುತ್ತಾರೆ. ಮೇಲಿನ ವೇರಿಯಂಟಿನಲ್ಲಿ ಫಾಗ್ ಲೈಟ್ ಬರುವ ಕಾರಾದರೆ ನಿಮ್ಮ ಬಂಪರಿನಲ್ಲೂ ಮುಚ್ಚಿದ ಗೂಡು ಸಾಮಾನ್ಯವಾಗಿ ಇರುತ್ತದೆ, ಕೆಲವು ಕಾರುಗಳಲ್ಲಿ ಕಪ್ಲರ್ ಕೂಡ ಒಳಗೆ ನೇತಾಡುತ್ತಿರುತ್ತದೆ. ಅದಕ್ಕೇ ಆಗುವ ಲೈಟು, ಅದಕ್ಕೇ ಆಗುವ ಹಾರ್ನೆಸ್ (ಜೋಡಿಸಿಟ್ಟ ವೈರಿನ ಕಟ್ಟು) ಕೇಳಿ ಹಾಕಿಸಿ.

ಕೊನೆಗೆ ಕೂರಿಸಿದ ಲೈಟಿನ ಆಂಗಲ್. ಅಂಗಡಿಯವರು ಸ್ಕ್ರೂ ಬಿಗಿದು ಕೈ ಒರೆಸಿಕೊಂಡರೆ ಕೆಲಸ ಮುಗಿಯಲಿಲ್ಲ. ಸಮತಟ್ಟಾದ ಜಾಗದಲ್ಲಿ, ಟೈರಿನ ಗಾಳಿ ಸರಿ ಇಟ್ಟು, ಗೋಡೆಯಿಂದ 5 ಮೀಟರ್ ದೂರ ಕಾರು ನಿಲ್ಲಿಸಿ. ಫಾಗ್ ಲೈಟಿನ ನಡುಮಧ್ಯ ನೆಲದಿಂದ ಎಷ್ಟು ಎತ್ತರ ಇದೆ ಅಂತ ಟೇಪಿನಲ್ಲಿ ಅಳೆದು, ಅದೇ ಎತ್ತರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಬೆಳಕಿನ ಮೇಲಂಚು ಆ ಗೆರೆಗಿಂತ ಹತ್ತು ಸೆಂಟಿಮೀಟರ್ ಕೆಳಗೆ ಬರುವ ತನಕ ಸ್ಕ್ರೂ ತಿರುಗಿಸಿ. ಹೆಡ್‌ಲೈಟಿಗೂ ಇದೇ ಕ್ರಮ, ಅದಕ್ಕೆ 5 ಮೀಟರಿನಲ್ಲಿ 5ರಿಂದ 7 ಸೆಂಟಿಮೀಟರ್ ಇಳಿದರೆ ಸಾಕು. ನಿಮ್ಮ ಕಾರಿನ ಸರಿಯಾದ ಅಳತೆ ಶೇಕಡಾ ಲೆಕ್ಕದಲ್ಲಿ ಬಾನೆಟ್ ಎತ್ತಿದರೆ ಹೆಡ್‌ಲೈಟಿನ ಆಸುಪಾಸಿನ ಸ್ಟಿಕ್ಕರಿನಲ್ಲಿ ಸಿಗಬಹುದು. ಗ್ಲಾಸ್ ಹಳದಿಗಟ್ಟಿ ಮಬ್ಬಾಗಿದ್ದರೆ ಇದನ್ನೆಲ್ಲ ಮಾಡುವ ಮೊದಲು ಅದನ್ನು ಪಾಲಿಶ್ ಮಾಡಿಸಿ. ಎಷ್ಟೋ ಹಳೆ ಕಾರುಗಳಿಗೆ ಅಷ್ಟೇ ಸಾಕಾಗುತ್ತದೆ, ಹೊಸ ಲೈಟು ಬೇಕಾಗುವುದೇ ಇಲ್ಲ.